ಮೊದಲೇ ಕೇಳಿದ್ದರೆ?

ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಬೆಳಗ್ಗೆ ಓಡಾಡೋ ಅಭ್ಯಾಸ ನಿಮಗೂ ಇರಬಹುದು. ಆ ಕಬ್ಬನ್ ಯಾರು ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನ "ಯಾರೋ ಬ್ರಿಟಿಷ್ ಅಧಿಕಾರಿ" ಅಂತ ಹೇಳಿ ಸುಮ್ಮನಾಗ್ತೀವಿ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದವರು. ಅವರ ಕಾಲದಲ್ಲಿ ರದ್ದಾದ ಸಣ್ಣಪುಟ್ಟ ತೆರಿಗೆಗಳ ಲೆಕ್ಕವನ್ನ ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಕೊಟ್ಟಿದ್ದಾರೆ. ಒಟ್ಟು 769!

ಅದರಲ್ಲಿ ಏನೇನಿತ್ತು ಅಂತ ಓದಿದರೆ ನಗು ಬರುತ್ತೆ. ಮದುವೆ ಆದರೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ಇನ್ನೊಂದು, ತಲೆ ಬೋಳಿಸಿದರೆ ಮತ್ತೊಂದು. ಒಂದು ಊರಿನವರ ಮೇಲೆ ಇನ್ನೂ ವಿಚಿತ್ರವಾದ ತೆರಿಗೆ ಇತ್ತು. ಹಿಂದೆ ಯಾವಾಗಲೋ ಪಾಳೇಗಾರನ ಕುದುರೆ ತಪ್ಪಿಸಿಕೊಂಡಿದ್ದಾಗ ಇವರ ಪೂರ್ವಿಕರು ಅದನ್ನ ಹುಡುಕಿಕೊಡಲಿಲ್ಲವಂತೆ, ಅದಕ್ಕೆ ಮೊಮ್ಮಕ್ಕಳು ದುಡ್ಡು ಕಟ್ಟಬೇಕು! ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನ ಮೈಗೆ ಒತ್ತಿಕೊಂಡೇ ನಡೀಬೇಕಿತ್ತು, ಇಲ್ಲದಿದ್ದರೆ ಅದಕ್ಕೂ ಸುಂಕ. ತಮಾಷೆ ಅಂದ್ಕೋಬೇಡಿ. ಇವೆಲ್ಲ ಸರ್ಕಾರಿ ದಫ್ತರದಲ್ಲಿ ರಾಜ್ಯದ ಆದಾಯದ ಬಾಬ್ತು ಅಂತ ಕ್ರಮವಾಗಿ ದಾಖಲಾಗಿದ್ದವು.

ಹಳೇ ಕೋಡ್ ನೋಡಿದ ನಮ್ಮಂಥವರಿಗೆ ಇದು ಹೊಸದಲ್ಲ. ಹತ್ತು ವರ್ಷದ ಹಿಂದೆ ಯಾರೋ ಯಾವುದೋ ಕಾರಣಕ್ಕೆ ಸೇರಿಸಿದ ಒಂದು ಕಂಡಿಷನ್ ಇರುತ್ತೆ. ಬರೆದವನು ಕೆಲಸ ಬಿಟ್ಟು ಹೋಗಿರ್ತಾನೆ. ಯಾಕಿದೆ ಅಂತ ಯಾರಿಗೂ ಗೊತ್ತಿರಲ್ಲ, ತೆಗೆಯೋಕೆ ಯಾರಿಗೂ ಧೈರ್ಯ ಇರಲ್ಲ. ಪಾಳೇಗಾರನ ಕುದುರೆಯ ತೆರಿಗೆಯೂ ಹಾಗೇ ಉಳಿದಿತ್ತು. ಜನ ನಗ್ತಾ ಏನೂ ಕಟ್ಟುತ್ತಿರಲಿಲ್ಲ ಬಿಡಿ. ಇವುಗಳ ಜೊತೆಗೆ ಸಾಮಾನು ಸಾಗಿಸುವವರ ಮೇಲೆ ಸಾಯರ್ ಅನ್ನೋ ಸುಂಕ ಇತ್ತು, ಅದರ ವಸೂಲಿಯನ್ನ ಗುತ್ತಿಗೆಗೆ ಕೊಡ್ತಿದ್ದರು. ಮನೆ, ಅಂಗಡಿ, ಮಗ್ಗ, ಎಣ್ಣೆ ಗಾಣಗಳ ಮೇಲೆ ಮೊಹತರ್ಫಾ ಇತ್ತು.

ಈ 769 ಹೇಗೆ ಹೋದವು ಅನ್ನೋದು ಮುಖ್ಯ. 1830–31ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ ಆಡಳಿತ ತೆಗೆದುಕೊಂಡರು. ದಂಗೆಗೆ ಕಾರಣ ಏನು ಅಂತ ತನಿಖೆ ಮಾಡೋಕೆ ಒಂದು ಸಮಿತಿ ಆಯ್ತು, ಅದು 1833ರಲ್ಲಿ ವರದಿ ಕೊಟ್ಟಿತು. ಆ ಸಮಿತಿಯ ನಾಲ್ವರಲ್ಲಿ ಕಬ್ಬನ್ ಕೂಡ ಒಬ್ಬರು. ಅಂದರೆ ಮೊದಲು ಗಲಾಟೆ, ಆಮೇಲೆ ಸಮಿತಿ, ಕೊನೆಗೆ ರದ್ದು. ಈ ಮೂರರ ಕ್ರಮವನ್ನ ನೆನಪಿಟ್ಟುಕೊಳ್ಳಿ. ಇನ್ನೂರು ವರ್ಷದಲ್ಲಿ ಇದು ಹೆಚ್ಚು ಬದಲಾಗಿಲ್ಲ.

ಒಂದು ಸಲ ಮಾತ್ರ ಈ ಕ್ರಮವನ್ನ ತಿರುಗಿಸೋ ಪ್ರಯತ್ನ ಮೈಸೂರಲ್ಲೇ ಆಯ್ತು.

1881ರ ಮಾರ್ಚ್‌ನಲ್ಲಿ ರಾಜ್ಯ ಮತ್ತೆ ಒಡೆಯರ್ ವಂಶಕ್ಕೆ ಬಂತು, ಚಾಮರಾಜೇಂದ್ರ ಒಡೆಯರ್ ಮಹಾರಾಜರಾದರು. 1876–78ರ ದೊಡ್ಡ ಬರದಿಂದ ಸೀಮೆ ಇನ್ನೂ ಚೇತರಿಸಿಕೊಂಡಿರಲಿಲ್ಲ, ಬೊಕ್ಕಸ ಖಾಲಿ. ದಿವಾನರಾಗಿದ್ದವರು ಸಿ. ರಂಗಾಚಾರ್ಲು. ಅದೇ ವರ್ಷ ಆಗಸ್ಟ್ 25ರಂದು ಒಂದು ಆಜ್ಞೆ ಹೊರಟಿತು. ಪ್ರತಿ ವರ್ಷ ದಸರಾ ಸಮಯದಲ್ಲಿ ರಾಜ್ಯದ ಎಲ್ಲಾ ಕಡೆಯಿಂದ ಜನರನ್ನ ಮೈಸೂರಿಗೆ ಕರೆಸಬೇಕು, ಸರ್ಕಾರ ಹಿಂದಿನ ವರ್ಷ ಏನು ಮಾಡಿತು, ಮುಂದೆ ಏನು ಮಾಡುತ್ತೆ ಅಂತ ಅವರ ಮುಂದೆ ಇಡಬೇಕು, ಅವರ ಅಹವಾಲು ಕೇಳಬೇಕು. ಇದೇ ಪ್ರಜಾಪ್ರತಿನಿಧಿ ಸಭೆ. ಮೊದಲ ಅಧಿವೇಶನ 1881ರ ಅಕ್ಟೋಬರ್ 7ಕ್ಕೆ, ಬಂದವರು 144 ಜನ.

ನನಗೆ ಇದರಲ್ಲಿ ಇಷ್ಟ ಆಗೋದು ಯಾರನ್ನ ಕರೆದರು ಅನ್ನೋದು. ತಾಲ್ಲೂಕಿಗೆ ಒಬ್ಬಿಬ್ಬರು ಉಳುಮೆ ಮಾಡುವ ಜಮೀನುದಾರರು, ಅವರ ಜೊತೆ ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಜನ ವರ್ತಕರು. ವರ್ತಕರಿಗೆ ಅಲ್ಲಿ ಹೆಸರಿಟ್ಟು ಜಾಗ ಕೊಟ್ಟಿದ್ದರು. ಸದಸ್ಯರು ಕನ್ನಡದಲ್ಲೇ ಮಾತಾಡಬಹುದಿತ್ತು. ರಸ್ತೆ, ಸುಂಕ, ಕಂದಾಯ, ಅಧಿಕಾರಿಗಳ ಕಾಟ ಏನೇ ಇದ್ದರೂ ದಿವಾನರ ಎದುರಿಗೇ ಹೇಳಬಹುದಿತ್ತು. ಮುಂದೆ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಚುನಾವಣೆ ಶುರುವಾಯಿತು. ಮತ ಹಾಕೋಕೆ ಅರ್ಹತೆ ಏನು ಅಂದರೆ ನಿಗದಿತ ಮೊತ್ತದ ಭೂಕಂದಾಯ ಅಥವಾ ನಿಗದಿತ ಮೊತ್ತದ ಮೊಹತರ್ಫಾ ಕಟ್ಟಿರಬೇಕು. ಅಂಗಡಿ ತೆರಿಗೆ ಕಟ್ಟಿದ ರಸೀದಿಯೇ ವೋಟರ್ ಐಡಿ ಆದ ಹಾಗೆ.

ಹಾಗಂತ ಅದನ್ನ ರಾಮರಾಜ್ಯ ಅಂತ ಹೇಳ್ತಾ ಇಲ್ಲ. ಮೈಸೂರಿಗೆ ಹೋದ ವರ್ತಕರು ದೊಡ್ಡ ಮಂಡಿ ಇಟ್ಟುಕೊಂಡವರು, ಸಂತೆಯಲ್ಲಿ ಚೀಲ ಹಾಸಿ ಕೂರುವವರಲ್ಲ. ಹೆಂಗಸರಿರಲಿಲ್ಲ. ಸಭೆಗೆ ಮೊದಮೊದಲು ಯಾವ ಅಧಿಕಾರವೂ ಇರಲಿಲ್ಲ, ಹೇಳೋದು ಇವರ ಕೆಲಸ, ಕೇಳೋದು ಬಿಡೋದು ದಿವಾನರ ಇಷ್ಟ. ಇನ್ನು ನಮ್ಮ ಬೆಂಗಳೂರಿನ ಈ ಭಾಗದ ಕಥೆಯೇ ಬೇರೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಬಂದರೂ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟ್ ಕೈಯಲ್ಲೇ ಉಳೀತು. ಹೊರಮಾವು ಮೈಸೂರು ಸೀಮೆಯ ಹಳ್ಳಿ. ಕೆಲವೇ ಮೈಲಿ ಆಚೆಯ ಹಲಸೂರು, ಇವತ್ತಿನ ಶಿವಾಜಿನಗರ ಆಗಿರೋ ಬ್ಲ್ಯಾಕ್‌ಪಲ್ಲಿ ಎರಡೂ ದಂಡಿಗೆ ಸೇರಿದ್ದವು. ಚಿಕ್ಕಪೇಟೆಯ ವ್ಯಾಪಾರಿಯ ಮಾತನ್ನ ಮೈಸೂರಿಗೆ ಒಯ್ಯೋಕೆ ಒಬ್ಬ ಪ್ರತಿನಿಧಿ ಇದ್ದ, ಹಲಸೂರು ಬಜಾರಿನವನಿಗೆ ಇರಲಿಲ್ಲ. ಎರಡು ಸರ್ಕಾರ, ಎರಡು ಮುನಿಸಿಪಾಲಿಟಿ, ಎರಡು ಥರದ ನಿಯಮ. 1947ರಲ್ಲಿ ದಂಡು ಮೈಸೂರಿಗೆ ವಾಪಸಾಗಿ, 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಗೋವರೆಗೂ ಇದೇ ಸ್ಥಿತಿ.

ಸಭೆಯ ಇತಿಹಾಸದಲ್ಲಿ ನಿಜವಾದ ತಿರುವು 1923. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ. ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್ ನೇತೃತ್ವದ ಸಮಿತಿಯ ಶಿಫಾರಸಿನ ನಂತರ ಸಭೆಗೆ ಒಂದು ಕಾನೂನಿನ ನೆಲೆ ಸಿಕ್ಕಿತು. ಅದರಲ್ಲಿ ಎರಡು ವಿಷಯ ನೋಡಿ. ಒಂದು, ಯಾವುದೇ ಹೊಸ ತೆರಿಗೆ ಹಾಕೋ ಮುಂಚೆ ಈ ಸಭೆಯ ಅಭಿಪ್ರಾಯ ಕೇಳಬೇಕು. ಎರಡು, ತುರ್ತು ಸಂದರ್ಭ ಬಿಟ್ಟರೆ, ಯಾವುದೇ ಮಸೂದೆ ಶಾಸನ ಪರಿಷತ್ತಿಗೆ ಹೋಗೋ ಮುಂಚೆ ಅದರ ಮೂಲತತ್ವ ಈ ಸಭೆಯ ಮುಂದೆ ಬರಬೇಕು. ಸಭೆ ಹೇಳಿದ್ದನ್ನ ಸರ್ಕಾರ ಒಪ್ಪಲೇಬೇಕು ಅಂತೇನೂ ಇರಲಿಲ್ಲ. ಆದರೆ ಕೇಳಲೇಬೇಕಿತ್ತು, ಅದೂ ಮೊದಲೇ. ಅಹವಾಲಿಗೂ ಅಭಿಪ್ರಾಯಕ್ಕೂ ಇರೋ ವ್ಯತ್ಯಾಸ ಇಷ್ಟೇ. ಅಹವಾಲು ಪೆಟ್ಟು ಬಿದ್ದ ಮೇಲೆ ಹೇಳೋದು, ಅಭಿಪ್ರಾಯ ಕೋಲು ಎತ್ತೋ ಮುಂಚೆ ಹೇಳೋದು.

1949ರಲ್ಲಿ ಪ್ರಜಾಪ್ರತಿನಿಧಿ ಸಭೆ ಮುಗೀತು. ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬರೋದಿತ್ತು, ಚುನಾಯಿತ ವಿಧಾನಸಭೆ ಬರೋದಿತ್ತು. ಅದು ಸರಿಯೇ. ಸಿಕ್ಕಿದ್ದು ಬಹಳ ದೊಡ್ಡದು, ಅದರ ಪಕ್ಕದಲ್ಲಿ ಕಳೆದುಹೋಗಿದ್ದು ಸಣ್ಣದು. ಹಾಗಾಗಿ "ಮೊದಲೇ ಕೇಳಬೇಕು" ಅನ್ನೋ ಆ ಒಂದು ಸಾಲು ಹೋಗಿದ್ದು ಯಾರ ಗಮನಕ್ಕೂ ಬರಲಿಲ್ಲ.

ಆಮೇಲೆ ಅಂಗಡಿಯವರ ಕಾಗದಗಳು ಬೆಳೆದವು. 1948ರಲ್ಲಿ ಮೈಸೂರು ಮಾರಾಟ ತೆರಿಗೆ ಕಾಯ್ದೆ ಬಂತು. 1956ರಲ್ಲಿ ಏಕೀಕರಣ ಆದಾಗ ಹುಬ್ಬಳ್ಳಿಯವರು ಮುಂಬೈ ಕಾನೂನಿನಿಂದ, ಕಲಬುರಗಿಯವರು ಹೈದರಾಬಾದ್ ಕಾನೂನಿನಿಂದ, ಮಂಗಳೂರಿನವರು ಮದ್ರಾಸ್ ಕಾನೂನಿನಿಂದ ಬಂದು ಸೇರಿದರು. 1957ರ ಕಾಯ್ದೆ ಎಲ್ಲರನ್ನೂ ಒಂದೇ ಪುಸ್ತಕದ ಕೆಳಗೆ ತಂತು. 1961ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. 1976ರಲ್ಲಿ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ, ಅದರ ಟ್ರೇಡ್ ಲೈಸೆನ್ಸ್. ಅದೇ ವರ್ಷ ವೃತ್ತಿ ತೆರಿಗೆ. ಒಂದೊಂದೂ ಬೇರೆ ಬೇರೆ ನೋಡಿದರೆ ತಪ್ಪಿಲ್ಲ. ಕೆಲಸದ ಹುಡುಗರಿಗೆ ವಾರದ ರಜೆ ಸಿಗಬೇಕು, ತೂಕದಲ್ಲಿ ಮೋಸ ಇರಬಾರದು, ತಿನ್ನೋ ಪದಾರ್ಥ ಶುದ್ಧ ಇರಬೇಕು. ಇವನ್ನ ಬೇಡ ಅನ್ನೋರು ಯಾರು? ತೊಂದರೆ ಏನಪ್ಪ ಅಂದರೆ, ಎಲ್ಲರೂ ಕೇಳೋದು ಅದೇ ಹೆಸರು, ಅದೇ ವಿಳಾಸ, ಅದೇ ಬಾಡಿಗೆ ಕರಾರು, ಆದರೆ ಒಬ್ಬರು ತಗೊಂಡಿದ್ದನ್ನ ಇನ್ನೊಬ್ಬರು ನೋಡಲ್ಲ. ಇವತ್ತು ಒಂದು ಬೇಕರಿ ಇಡಬೇಕಾದರೆ ಪಾಲಿಕೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ನೋಂದಣಿ, ಆಹಾರ ಸುರಕ್ಷತಾ ನೋಂದಣಿ, ತಕ್ಕಡಿಗೆ ಮುದ್ರೆ, ಬೆಸ್ಕಾಂನಲ್ಲಿ ಕಮರ್ಷಿಯಲ್ ಮೀಟರ್. ವಹಿವಾಟು ಮಿತಿ ದಾಟಿದರೆ ಜಿಎಸ್‌ಟಿ. ಹೊರಮಾವಿನ ಅಂಗಡಿಗೆ ಇನ್ನೊಂದು ವಿಶೇಷ ಇದೆ. 2007ಕ್ಕೆ ಮುಂಚೆ ಈ ಊರು ಬೆಂಗಳೂರು ಮಹಾನಗರ ಪಾಲಿಕೆಯ ಹೊರಗಿತ್ತು, 2007ರಲ್ಲಿ ಬಿಬಿಎಂಪಿಗೆ ಬಂತು, 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಪೂರ್ವ ನಗರ ಪಾಲಿಕೆ. ಶಟರ್ ಅದೇ, ಗಲ್ಲಾ ಅದೇ, ಬೋರ್ಡಿನ ಮೇಲಿನ ಸರ್ಕಾರ ಮಾತ್ರ ಬದಲಾಗ್ತಾ ಬಂತು.

ಕಾಗದ ಕಮ್ಮಿ ಆಗಲೇ ಇಲ್ವಾ? ಆಯ್ತು. ಪ್ರಾಮಾಣಿಕವಾಗಿ ಹೇಳಬೇಕು. 1979ರಲ್ಲಿ ಕರ್ನಾಟಕ ಆಕ್ಟ್ರಾಯ್ ತೆಗೆದುಹಾಕ್ತು. ಊರ ಬಾಗಿಲಲ್ಲಿ ನಾಕಾ ಮುಂದೆ ಲಾರಿ ನಿಲ್ಲಿಸಿ, ಮೂಟೆ ಎಣಿಸಿ, ಚೀಟಿ ಹರಿಸಿಕೊಂಡು ಒಳಗೆ ಬರೋದು ನಿಂತಿತು. ಅದರ ಬದಲಿಗೆ ಪ್ರವೇಶ ತೆರಿಗೆ ಬಂತು ಅನ್ನೋದು ಬೇರೆ ಮಾತು. 2005ರ ಏಪ್ರಿಲ್ 1ಕ್ಕೆ ವ್ಯಾಟ್ ಬಂತು. ಆಗ ಸರಕು ಸಾಗಿಸೋಕೆ 505 ಅನ್ನೋ ನಂಬರಿನ ಡೆಲಿವರಿ ನೋಟ್ ಬೇಕಿತ್ತು, ಅದರ ಖಾಲಿ ಫಾರಂ ತರೋಕೇ ತೆರಿಗೆ ಆಫೀಸಿಗೆ ಅಲೀಬೇಕಿತ್ತು. ವಾಣಿಜ್ಯ ತೆರಿಗೆ ಇಲಾಖೆ ಮತ್ತು ಎನ್‌ಐಸಿ ಸೇರಿ 'ಇ-ಸುಗಮ' ಅನ್ನೋ ವ್ಯವಸ್ಥೆ ಕಟ್ಟಿದವು. ವಿವರ ಆನ್‌ಲೈನಲ್ಲಿ ಹಾಕಿದರೆ ಒಂದು ನಂಬರ್ ಬರೋದು, ಡ್ರೈವರ್ ಹತ್ತಿರ ಆ ನಂಬರ್ ಇದ್ದರೆ ಸಾಕು. 2017ರ ಸೆಪ್ಟೆಂಬರ್‌ನಲ್ಲಿ ಇ-ವೇ ಬಿಲ್ ವ್ಯವಸ್ಥೆಯನ್ನ ದೇಶದಲ್ಲಿ ಮೊದಲು ಜಾರಿಗೆ ತಂದಿದ್ದು ಕರ್ನಾಟಕ, ಅದರ ಹಿಂದೆ ಇದ್ದಿದ್ದು ಇದೇ ಅನುಭವ. ಇವತ್ತು ದೇಶದ ಲಾರಿಗಳೆಲ್ಲ ಓಡಾಡೋದು ಆ ನಂಬರಿನ ಮೇಲೆ. ನಮ್ಮೂರಿನವರು ಬರೆದ ಸಾಫ್ಟ್‌ವೇರ್ ಅಂತ ಹೆಮ್ಮೆ ಪಡಬಹುದು.

ಆದರೆ ಒಂದು ಸೂಕ್ಷ್ಮ ಇದೆ. ಕಾಗದ ಹೋದರೆ ಕೆಲಸ ಹೋಯ್ತು ಅಂತಲ್ಲ. ಮೊದಲು ಆಫೀಸಿನ ಗುಮಾಸ್ತ ಪುಸ್ತಕಕ್ಕೆ ಏರಿಸುತ್ತಿದ್ದುದನ್ನ ಈಗ ಅಂಗಡಿಯವನೇ ಟೈಪ್ ಮಾಡಬೇಕು. ಅವನಿಗೆ ಬರಲಿಲ್ಲ ಅಂದರೆ ಸೈಬರ್ ಸೆಂಟರ್, ಅದೂ ಆಗಲಿಲ್ಲ ಅಂದರೆ ಆಡಿಟರ್. ನಮ್ಮ ಹಳ್ಳಿಯ ಅಂಗಡಿಯಲ್ಲಿ ಇಡೀ ವ್ಯವಹಾರ ಎರಡು ನೋಟ್‌ಬುಕ್ಕಿನಲ್ಲಿ ನಡೀತಿತ್ತು. ಒಂದು ಉದ್ರಿ, ಒಂದು ಸಾಮಾನು ತರೋ ಪಟ್ಟಿ. ಆ ಎರಡು ಪುಸ್ತಕದಲ್ಲಿ ಇಲ್ಲದ್ದನ್ನ ಕೇಳೋ ಪ್ರತಿ ಫಾರಂ ಆ ಅಂಗಡಿಗೆ ಹೊಸ ಕೆಲಸವೇ, ಅದು ಹಾಳೆ ಮೇಲಿರಲಿ, ಪರದೆ ಮೇಲಿರಲಿ.

ಜಿಎಸ್‌ಟಿ ಬಂದಾಗ ಇದು ದೇಶದ ಮಟ್ಟದಲ್ಲಿ ಕಂಡಿತು. 2017ರ ಜುಲೈ 1ಕ್ಕೆ ಜಾರಿ. ಮೂಲ ವಿನ್ಯಾಸದಲ್ಲಿ ತಿಂಗಳಿಗೆ ಮೂರು ರಿಟರ್ನ್, ವರ್ಷದ ಕೊನೆಗೆ ಒಂದು. ಲೆಕ್ಕ ಹಾಕಿ, ವರ್ಷಕ್ಕೆ 37. ಬೀದಿ ಬದಿಯ ಹಾರ್ಡ್‌ವೇರ್ ಅಂಗಡಿಗೂ 37. ಕೆಲವೇ ವಾರದಲ್ಲಿ ಪೋರ್ಟಲ್ ಏದುಸಿರು ಬಿಡ್ತಿತ್ತು, ವ್ಯಾಪಾರಿಗಳ ಕೂಗು ಮುಗಿಲು ಮುಟ್ಟಿತ್ತು. ಸೆಪ್ಟೆಂಬರ್‌ನಲ್ಲಿ ಪೋರ್ಟಲ್ ತೊಂದರೆ ನೋಡೋಕೆ ಅಂತಲೇ ರಚನೆಯಾದ ಸಚಿವರ ಗುಂಪು ಮೊದಲ ಸಭೆ ನಡೆಸಿದ್ದು ನಮ್ಮ ಬೆಂಗಳೂರಲ್ಲೇ. ಅಕ್ಟೋಬರ್‌ನಲ್ಲಿ 1.5 ಕೋಟಿವರೆಗಿನ ವಹಿವಾಟಿನವರಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಅಂತ ಆಯ್ತು. ನವೆಂಬರ್‌ನಲ್ಲಿ ಗುವಾಹಟಿಯಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಮೂರು ರಿಟರ್ನ್‌ಗಳಲ್ಲಿ ಎರಡನ್ನ ತಡೆಹಿಡೀತು, ದಿನಕ್ಕೆ 200 ರೂಪಾಯಿ ಇದ್ದ ತಡ ಶುಲ್ಕವನ್ನ 50ಕ್ಕೂ, ತೆರಿಗೆ ಬಾಕಿಯೇ ಇಲ್ಲದವರಿಗೆ 20ಕ್ಕೂ ಇಳಿಸಿತು. 2019ರ ಏಪ್ರಿಲ್‌ನಿಂದ ಸರಕು ಮಾರೋರಿಗೆ ನೋಂದಣಿ ಮಿತಿ 20ರಿಂದ 40 ಲಕ್ಷಕ್ಕೆ ಏರಿತು. 2020ರಲ್ಲಿ ಶೂನ್ಯ ರಿಟರ್ನ್ ಎಸ್‌ಎಂಎಸ್‌ನಲ್ಲೇ ಕಳಿಸಬಹುದು ಅಂತಾಯ್ತು.

ಒಳ್ಳೆಯದೇ ಆಯ್ತು. ಆದರೆ ನಮ್ಮ ಕೆಲಸದ ಭಾಷೆಯಲ್ಲಿ ಹೇಳಿದರೆ ಇದು ಗೋ-ಲೈವ್ ಆದಮೇಲೆ ಮಾಡಿದ ಯೂಸರ್ ಟೆಸ್ಟಿಂಗ್. ಹತ್ತು ಅಂಗಡಿಗೆ ಹೋಗಿ, ಆ ಮೂರು ರಿಟರ್ನ್ ಹಾಳೆಗಳನ್ನ ಅವರ ಮುಂದಿಟ್ಟು, "ಅಣ್ಣಾ, ಇದನ್ನ ತುಂಬಿ ತೋರಿಸಿ" ಅಂದಿದ್ದರೆ ನವೆಂಬರ್‌ನಲ್ಲಿ ಗೊತ್ತಾಗಿದ್ದು ಮೇ ತಿಂಗಳಲ್ಲೇ ಗೊತ್ತಾಗ್ತಿತ್ತು.

ಈಗ 2025ರ ಜುಲೈಗೆ ಬರೋಣ. ಬೆಂಗಳೂರಿನ ಕಾಂಡಿಮೆಂಟ್ಸ್, ಬೇಕರಿ, ಟೀ ಅಂಗಡಿಗಳ ಕ್ಯೂಆರ್ ಕೋಡ್ ಮಾಯವಾಗಿ 'ನೋ ಯುಪಿಐ, ಓನ್ಲಿ ಕ್ಯಾಶ್' ಅಂತ ಕೈಬರಹದ ಚೀಟಿ ಬಂದಿದ್ದು ನಿಮಗೆ ನೆನಪಿರುತ್ತೆ. ಹೊರಮಾವಿನ ಅಂಗಡಿಗಳೂ ಆ ಸುದ್ದಿಯಲ್ಲಿದ್ದವು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಕಂಪನಿಗಳಿಂದ 2021–22ರಿಂದ 2024–25ರವರೆಗಿನ ಮಾಹಿತಿ ತರಿಸಿ, ಮಿತಿ ದಾಟಿದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಕೆಲವರಿಗೆ ಲಕ್ಷಗಳ ಲೆಕ್ಕದಲ್ಲಿ.

ಟ್ವಿಟರ್‌ನಲ್ಲಿ ನಮ್ಮಂಥವರು ಎರಡು ಪಂಗಡ ಆಗಿದ್ದೆವು. "ನಮ್ಮ ಸಂಬಳದಲ್ಲಿ ಟಿಡಿಎಸ್ ಕಟ್ ಆಗುತ್ತೆ, ಅವರು ಯಾಕೆ ಕಟ್ಟಬಾರದು?" ಅನ್ನೋರು ಒಂದು ಕಡೆ, "ಪಾಪ ಬಡವರು" ಅನ್ನೋರು ಇನ್ನೊಂದು ಕಡೆ. ಇಬ್ಬರೂ ಲೆಕ್ಕ ಹಾಕಲಿಲ್ಲ. ಈಗ ಹಾಕೋಣ.

ಬೆಳಗ್ಗೆ ಐದೂವರೆಗೆ ಶಟರ್ ಎತ್ತೋ ಒಂದು ಅಂಗಡಿ ಅಂದುಕೊಳ್ಳಿ. ದಿನಕ್ಕೆ 8,000 ರೂಪಾಯಿಯ ಹಾಲಿನ ಪ್ಯಾಕೆಟ್, 3,000 ರೂಪಾಯಿಯ ಬಿಸ್ಕತ್ತು, ಸೋಪು, ಇತರೆ. ವರ್ಷಕ್ಕೆ ಹಾಲು 29,20,000, ಉಳಿದದ್ದು 10,95,000. ಒಟ್ಟು 40,15,000. ಮಿತಿ 40 ಲಕ್ಷ, ದಾಟಿಬಿಟ್ಟಿತು! ಪ್ಯಾಕೆಟ್ ಹಾಲಿಗೆ ತೆರಿಗೆ ಇಲ್ವಲ್ಲ ಅಂತೀರಾ? ಇಲ್ಲ. ಬರೀ ತೆರಿಗೆ ಇಲ್ಲದ ಸರಕು ಮಾರೋರು ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ ತೆರಿಗೆ ಇರೋದನ್ನೂ ಜೊತೆಗೆ ಮಾರಿದರೆ ಮಿತಿ ಲೆಕ್ಕ ಹಾಕುವಾಗ ಹಾಲೂ ಸೇರುತ್ತೆ. ಈ ಒಂದು ನಿಯಮ ನನಗೇ ಎರಡು ಸಲ ಓದಿದ ಮೇಲೆ ಅರ್ಥ ಆಗಿದ್ದು. ಹಾಲಿನಲ್ಲಿ ಅಂಗಡಿಯವರಿಗೆ ಉಳಿಯೋದೇ ಪುಡಿಗಾಸು, ಆದರೆ ಮಿತಿ ನೋಡೋದು ವಹಿವಾಟನ್ನ, ಲಾಭವನ್ನಲ್ಲ.

ಇನ್ನೂ ಕೇಳಿ. ಇದೇ ಅಂಗಡಿಯವರು ಮೊದಲೇ ನೋಂದಣಿ ಮಾಡಿಸಿ ರಾಜಿ ತೆರಿಗೆ ಪದ್ಧತಿ, ಅಂದರೆ ಕಾಂಪೋಸಿಷನ್ ಆಯ್ಕೆ ಮಾಡಿಕೊಂಡಿದ್ದರೆ ತೆರಿಗೆ ಬೀಳೋ ಸರಕಿನ ವಹಿವಾಟಿನ ಮೇಲೆ ಬರೀ 1%. ವರ್ಷಕ್ಕೆ 10,950 ರೂಪಾಯಿ. ತಿಂಗಳಿಗೆ ಸಾವಿರಕ್ಕಿಂತ ಕಮ್ಮಿ. ಆದರೆ ಈ ಸೌಲಭ್ಯ ಆಯ್ಕೆ ಮಾಡಿಕೊಂಡವರಿಗೆ ಮಾತ್ರ, ಕಳೆದುಹೋದ ವರ್ಷಗಳಿಗೆ ಸಿಗಲ್ಲ. ಹಾಗಾಗಿ ಹಳೇ ವರ್ಷಗಳಿಗೆ ಪೂರ್ತಿ ದರ, ಅದರ ಮೇಲೆ ಬಡ್ಡಿ, ದಂಡ. ಅಂದರೆ ಅಂಗಡಿಯವರನ್ನ ಮುಳುಗಿಸೋದು ತೆರಿಗೆಯಲ್ಲ, ಸರಿಯಾದ ಸಮಯಕ್ಕೆ ತುಂಬದ ಒಂದು ಫಾರಂ. ಒಂದು ಫಾರಂ ಅಂತರದಲ್ಲಿ ಹನ್ನೊಂದು ಸಾವಿರ ಹೋಗಿ ಲಕ್ಷಗಳಾಗುತ್ತೆ.

ಇನ್ನೊಂದು ವಿಪರ್ಯಾಸ. 2020ರ ಜೂನ್‌ನಲ್ಲಿ, ಕೋವಿಡ್ ಕಾಲದಲ್ಲಿ, ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲ ಕೊಡೋ ಪಿಎಂ ಸ್ವನಿಧಿ ಯೋಜನೆ ಬಂತು. ಡಿಜಿಟಲ್ ಪಾವತಿ ತಗೊಂಡರೆ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಅಂತ ಅದರಲ್ಲೇ ಇತ್ತು. "ಕ್ಯೂಆರ್ ಹಾಕಿ, ನಿಮ್ಮ ವ್ಯವಹಾರಕ್ಕೆ ದಾಖಲೆ ಆಗುತ್ತೆ, ಬ್ಯಾಂಕ್ ಸಾಲ ಸುಲಭ ಆಗುತ್ತೆ" ಅಂತ ಸರ್ಕಾರವೇ ಹೇಳಿತ್ತು. ಐದು ವರ್ಷದ ನಂತರ ಅಂಥದೇ ದಾಖಲೆ ನೋಟಿಸ್ ಆಗಿ ಸಣ್ಣ ಅಂಗಡಿಗಳ ಬಾಗಿಲಿಗೆ ಬಂತು. ಕಾನೂನಿನ ಪ್ರಕಾರ ಇಲಾಖೆ ತಪ್ಪು ಮಾಡಲಿಲ್ಲ. ಮಿತಿ ಅನ್ನೋದು ನಗದಿಗೂ ಒಂದೇ, ಯುಪಿಐಗೂ ಒಂದೇ. ಆದರೆ ಅಂಗಡಿಯವರು ಕಲಿತ ಪಾಠ ಮಾತ್ರ "ದಾಖಲೆ ಇಟ್ಟರೆ ಸಿಕ್ಕಿಬೀಳ್ತೀವಿ" ಅನ್ನೋದು. ಈ ಪಾಠವನ್ನ ಅಳಿಸೋದು ಕಷ್ಟ. ತೆರಿಗೆ ನಿಂತಿರೋದೇ ನಂಬಿಕೆ ಮೇಲೆ ಅಲ್ವಾ?

ಆಮೇಲೆ ಏನಾಯ್ತು? ಕಬ್ಬನ್ ಕಾಲದ ಅದೇ ಕ್ರಮ. ವ್ಯಾಪಾರಿಗಳು ಕಪ್ಪು ಪಟ್ಟಿ ಕಟ್ಟಿದರು, ಜುಲೈ 25ಕ್ಕೆ ಬಂದ್ ಕರೆದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರನ್ನ ಕರೆಸಿ ಮಾತಾಡಿದರು. ಹಾಲು, ತರಕಾರಿ, ಹಣ್ಣು, ಮಾಂಸದಂಥ ತೆರಿಗೆ ಇಲ್ಲದ ಸರಕು ಮಾರೋರ ಮೇಲಿನ ನೋಟಿಸ್ ಕೈಬಿಡ್ತೀವಿ, ಉಳಿದವರು ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳಲ್ಲ ಅಂದರು. ಬಂದ್ ವಾಪಸಾಯ್ತು. ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಣ್ಣ ವ್ಯಾಪಾರಿಗಳಿಗೆ ಮೂರು ಕೆಲಸದ ದಿನದಲ್ಲಿ ನೋಂದಣಿ ಕೊಡೋ ಸರಳ ಪದ್ಧತಿಗೆ ಒಪ್ಪಿತು, ನವೆಂಬರ್ 1ರಿಂದ ಜಾರಿ. ಮೊದಲು ಗಲಾಟೆ, ಆಮೇಲೆ ಸಭೆ, ಕೊನೆಗೆ ರಿಯಾಯಿತಿ.

ಕೇಳೋ ವ್ಯವಸ್ಥೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ಚೇಂಬರ್ ಆಫ್ ಕಾಮರ್ಸ್ ಶುರುವಾಯ್ತು. ಅದೇ ಇವತ್ತಿನ ಎಫ್‌ಕೆಸಿಸಿಐ. ಸಣ್ಣ ಕೈಗಾರಿಕೆಗಳಿಗೆ 1949ರಿಂದ ಕಾಸಿಯಾ ಇದೆ. ಬಜೆಟ್‌ಗೆ ಮುಂಚೆ ಸರ್ಕಾರ ಇವರನ್ನ ಕರೆದು ಕೇಳುತ್ತೆ. ಕರಡು ನಿಯಮಗಳು ರಾಜ್ಯಪತ್ರದಲ್ಲಿ ಬರುತ್ತವೆ, "ಆಕ್ಷೇಪಣೆ ಅಥವಾ ಸಲಹೆಗಳಿದ್ದಲ್ಲಿ ಇಷ್ಟು ದಿನದೊಳಗೆ ಸಲ್ಲಿಸತಕ್ಕದ್ದು" ಅಂತ ಕೆಳಗೆ ಬರೆದಿರುತ್ತೆ. ಕಾಯ್ದೆಯ ಕರಡನ್ನ ಕನಿಷ್ಠ 30 ದಿನ ಜನರ ಮುಂದಿಡಬೇಕು ಅಂತ ಕೇಂದ್ರ ಸರ್ಕಾರ 2014ರ ಫೆಬ್ರವರಿಯಲ್ಲಿ ಒಂದು ನೀತಿ ಮಾಡಿಕೊಂಡಿದೆ. ಅದು ನೀತಿ ಮಾತ್ರ, ಕಾನೂನಲ್ಲ. ರಾತ್ರಿ ಹತ್ತೂವರೆಗೆ ಶಟರ್ ಇಳಿಸೋರು ರಾಜ್ಯಪತ್ರ ಓದ್ತಾರಾ? ಕಾಂಡಿಮೆಂಟ್ಸ್ ಅಂಗಡಿಯವರು ಚೇಂಬರ್ ಸದಸ್ಯರಾಗಿರ್ತಾರಾ? ಇನ್ನೊಂದು, ಕಾಯ್ದೆಗೆ ಕರಡು ಇರುತ್ತೆ, ಆದರೆ ಪೋರ್ಟಲಿನ ಪರದೆಗೆ, ಫಾರಂನ 14ನೇ ಕಲಮಿಗೆ ಕರಡು ಅಂತ ಯಾರೂ ತೋರಿಸಲ್ಲ. ಅಂಗಡಿಯವರ ಸಮಯ ತಿನ್ನೋದು ಅದೇ.

ಅಮೆರಿಕದಲ್ಲಿ ಇದಕ್ಕೇ ಅಂತ 1980ರಲ್ಲಿ ಪೇಪರ್‌ವರ್ಕ್ ರಿಡಕ್ಷನ್ ಆಕ್ಟ್ ಮಾಡಿದರು. ಅಲ್ಲಿನ ಕೇಂದ್ರ ಸರ್ಕಾರದ ಯಾವ ಇಲಾಖೆಯೇ ಆಗಲಿ, ಜನರಿಂದ ಮಾಹಿತಿ ಕೇಳೋ ಹೊಸ ಫಾರಂ ತರಬೇಕಾದರೆ ಮೊದಲು ಅದನ್ನ ಪ್ರಕಟಿಸಿ 60 ದಿನ ಅಭಿಪ್ರಾಯ ಕೇಳಬೇಕು, ಆಮೇಲೆ ಒಂದು ಕೇಂದ್ರ ಕಚೇರಿಯಿಂದ ನಂಬರ್ ಪಡೀಬೇಕು. ಇದನ್ನ ತುಂಬೋಕೆ ಎಷ್ಟು ಸಮಯ ಬೇಕು ಅನ್ನೋ ಅಂದಾಜನ್ನೂ ಜನರಿಗೆ ತಿಳಿಸಬೇಕು. ಸರಿಯಾದ ನಂಬರ್ ಇಲ್ಲದ ಫಾರಂ ತುಂಬಲಿಲ್ಲ ಅಂತ ಯಾರಿಗೂ ದಂಡ ಹಾಕೋ ಹಾಗಿಲ್ಲ. ಅಲ್ಲೂ ಫಾರಂಗಳ ರಾಶಿ ಕರಗಿಲ್ಲ, ನಿಜ. ಆದರೆ ಜನರ ಸಮಯಕ್ಕೂ ಬೆಲೆ ಇದೆ ಅಂತ ಸರ್ಕಾರ ಲೆಕ್ಕದಲ್ಲಿ ಬರೆದುಕೊಳ್ಳೋದು ದೊಡ್ಡ ಮಾತು.

ನಾವು ಅಲ್ಲಿಂದ ಎರವಲು ತರಬೇಕಾಗೂ ಇಲ್ಲ, 1923ರ ಮೈಸೂರಿನದ್ದನ್ನೇ ಇವತ್ತಿನ ನಗರಕ್ಕೆ ಹೊಂದಿಸಬಹುದು. ಹೊಸ ಫಾರಂ ಅಥವಾ ಪೋರ್ಟಲ್ ಬರೋ ಮುಂಚೆ ಒಂದು ಬೀದಿ ಆರಿಸಿ. ಹೊರಮಾವು ಮುಖ್ಯ ರಸ್ತೆ ಆಗಲಿ, ಹಲಸೂರಿನ ಬಜಾರ್ ಬೀದಿ ಆಗಲಿ. ಮಧ್ಯಾಹ್ನ ಎರಡರಿಂದ ನಾಲ್ಕು, ಗಿರಾಕಿ ಕಮ್ಮಿ ಇರೋ ಹೊತ್ತು. ಇಪ್ಪತ್ತು ಅಂಗಡಿಯವರ ಕೈಲಿ ಕನ್ನಡದ ಫಾರಂ ಕೊಟ್ಟು ತುಂಬಿಸಿ, ಎಷ್ಟು ನಿಮಿಷ ಆಯ್ತು, ಎಲ್ಲಿ ಪೆನ್ನು ನಿಂತಿತು ಅಂತ ಬರೆದುಕೊಳ್ಳಿ. ಬೇರೆ ಇಲಾಖೆಯ ಹತ್ತಿರ ಆಗಲೇ ಇರೋ ಮಾಹಿತಿಯನ್ನ ಮತ್ತೆ ಕೇಳಿದ ಕಲಮುಗಳನ್ನ ಹೊಡೆದುಹಾಕಿ. ಮಿತಿಯ ಹತ್ತಿರ ಬಂದವರಿಗೆ ನೋಟಿಸ್ ಹೋಗೋ ಬದಲು "ನೀವು 35 ಲಕ್ಷ ಮುಟ್ಟಿದ್ದೀರಿ, ಇನ್ನು ಹೀಗೆ ಮಾಡಿ" ಅಂತ ಒಂದು ಮೆಸೇಜ್ ಹೋಗಲಿ. ನಾಲ್ಕು ವರ್ಷದ ಲೆಕ್ಕ ತೆಗೆಯೋಕೆ ಆಗೋ ಡೇಟಾದಲ್ಲಿ ಇದನ್ನ ಮಾಡೋಕೆ ಒಂದು ಕ್ವೆರಿ ಸಾಕು.

ಇದರಲ್ಲಿ ನಮ್ಮ ಪಾಲೂ ಇದೆ. ಈ ಪೋರ್ಟಲ್‌ಗಳನ್ನ ಕಟ್ಟೋರು ನಮ್ಮ ನಿಮ್ಮಂಥವರೇ, ಇದೇ ಊರಿನ ಹೊರವರ್ತುಲ ರಸ್ತೆಯ ಆಫೀಸುಗಳಲ್ಲಿ ಕೂತು. ಕೋಡ್ ಬರೆಯೋರು ಅಲ್ಲದಿದ್ದರೂ ಇಂಗ್ಲಿಷ್ ಓದೋಕೆ ಬರುತ್ತೆ, ಒಂದು ಆಕ್ಷೇಪಣೆ ಪತ್ರ ಹೇಗೆ ಬರೀಬೇಕು ಅಂತ ಗೊತ್ತಿದೆ. ಮುಂದಿನ ಸಲ ಟ್ರೇಡ್ ಲೈಸೆನ್ಸೋ, ಅಂಗಡಿ ಕಾಯ್ದೆಯೋ, ಯಾವುದಾದರೂ ಕರಡು ನಿಯಮ ಬಂತು ಅಂತ ಪೇಪರಲ್ಲಿ ಓದಿದರೆ, ನೀವು ದಿನಾ ಟೀ ಕುಡಿಯೋ ಅಂಗಡಿಯವರಿಗೆ ಅದನ್ನ ಹೇಳಿ. ಮಧ್ಯಾಹ್ನದ ಹೊತ್ತು ಇಪ್ಪತ್ತು ನಿಮಿಷ ಕೂತು, ಅವರು ಹೇಳಿದ್ದನ್ನ ಅವರ ಮಾತಲ್ಲೇ ಕನ್ನಡದಲ್ಲಿ ಬರೆದು, ಅವರ ಸಹಿ ಹಾಕಿಸಿ, ಕೊಟ್ಟಿರೋ ವಿಳಾಸಕ್ಕೆ ಕೊನೇ ದಿನಾಂಕದ ಒಳಗೆ ಕಳಿಸಿ.